ಕಂಬಳಿಯ ಕೆಳಗಿನ ಒದ್ದೆ ನೆಲ

ಇಳಕಲ್ಲಿನ ನಮ್ಮ ಮನೆಯಲ್ಲಿ ಮುಂಜಾನೆ ಬೆಳಕು ಬೀಳುವ ಜಾಗ ಒಂದೇ ಇತ್ತು. ನೇಕಾರರ ಓಣಿಯ ಮಣ್ಣಿನ ಮಾಳಿಗೆ ಮನೆ ಅದು. ಪಡಸಾಲೆಯ ಒಂದು ತುದಿಗೆ ಕುಣಿ ಮಗ್ಗ, ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನಾನು ಸೀರೆ ನೇಯುತ್ತಿದ್ದೆ. ಮಗ್ಗದ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ನೂಲು, ಅಲ್ಲಿಂದ ಎದುರು ಗೋಡೆಯ ಗೂಟದವರೆಗೆ ಚಾಚಿಕೊಂಡಿರುತ್ತಿತ್ತು. ಆ ಹಾಸಿನ ಬದಿಗೆ ಒಬ್ಬರು ಕೈ ಚಾಚಿ ಮಲಗುವಷ್ಟು ನೆಲ ಖಾಲಿ. ಅದರ ನೇರಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಗಾಳಿಯೂ ಅಲ್ಲಿಂದಲೇ, ಬೆಳಕೂ ಅಲ್ಲಿಂದಲೇ.

ಆ ಖಾಲಿ ನೆಲವನ್ನು ನನ್ನ ತಂಗಿಗೆ ಯೋಗ ಮಾಡಲು ಸಜ್ಜು ಮಾಡಿಕೊಟ್ಟವನು ನಾನು. ಅದನ್ನು ಕೆಡಿಸಿದವನೂ ನಾನೇ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೆ ಬಾಯಲ್ಲಿ ಹೇಳಹೋದರೆ ಪ್ರತಿ ಸಲ ಒಂದಿಷ್ಟು ನನ್ನ ಕಡೆ ವಾಲಿಸಿ ಹೇಳುತ್ತೇನೆ. ಬರೆದರೆ ಹಾಗೆ ಆಗಲಿಕ್ಕಿಲ್ಲ ಎಂದು ಕುಳಿತಿದ್ದೇನೆ. ಕುಳಿತಿದ್ದೇನೆ ಎಂದೆ, ಅಷ್ಟರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಮಗ್ಗ ತುಳಿದ ಕಾಲು ಇವು, ಸುಮ್ಮನೆ ಇರುವುದು ಇವಕ್ಕೆ ಬರುವುದಿಲ್ಲ.

ತಂಗಿಗೆ ಸಣ್ಣವಳಿದ್ದಾಗಿನಿಂದ ದಮ್ಮು. ಉಸಿರು ಎಳೆದುಕೊಂಡರೆ ಎದೆಯೊಳಗೆ ಯಾರೋ ದೂರದಲ್ಲಿ ಶಿಳ್ಳೆ ಹಾಕಿದಂತೆ ಸಪ್ಪಳ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು, ಅವಳು, ಮೂವರೇ. ನಾನು ನೇಯ್ದರೆ ಅವರಿಬ್ಬರು ರಾಟಿಯ ಮುಂದೆ ಕುಳಿತು ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಬೇಕು. ನೂಲಿನಿಂದ ಏಳುವ ಅರಳೆಯ ಧೂಳು, ನಮ್ಮ ಮಾತಿನ ಅರಳಿ, ಮೂಗಿಗೆ ಹೋಗಿ ಅವಳಿಗೆ ಹೆಚ್ಚಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಅವಳಿಗೆ ಹದಿನೆಂಟೋ ಹತ್ತೊಂಬತ್ತೋ ಇದ್ದಾಗ, ಒಂದು ಸಲ ತುಟಿ ನೀಲಿಗಟ್ಟಿತು. ಅವ್ವ ಹೆದರಿ ಅವಳನ್ನು ಬಾದಾಮಿಯಲ್ಲಿದ್ದ ಚಿಗವ್ವನ ಮನೆಗೆ ಕಳಿಸಿದಳು. ಅಲ್ಲಿ ಮಗ್ಗವಿಲ್ಲ, ಅರಳಿ ಇಲ್ಲ, ಗುಡ್ಡದ ಒಣ ಗಾಳಿ.

ಚಿಗವ್ವನ ಓಣಿಯಲ್ಲಿ ಒಬ್ಬರು ಅಕ್ಕೋರು ಇದ್ದರು. ಶಾಲೆ ಕಲಿಸುವವರು, ಮುಂಜಾನೆ ಕೆಲವು ಹುಡುಗಿಯರನ್ನು ಕೂಡಿಸಿಕೊಂಡು ಹೊಂಡದ ದಂಡೆಯ ಕಲ್ಲುಹಾಸಿನ ಮೇಲೆ ಆಸನ, ಪ್ರಾಣಾಯಾಮ ಕಲಿಸುತ್ತಿದ್ದರು. ತಂಗಿ ಮೊದಲು ದೂರ ನಿಂತು ನೋಡಿದಳಂತೆ. ಆಮೇಲೆ ಹತ್ತಿರ ಹೋದಳು. ಆಮೇಲೆ ಬಿಡಲೇ ಇಲ್ಲ. ಮಳೆಗಾಲ ಕಳೆದು ಮನೆಗೆ ಬಂದವಳನ್ನು ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಗುರುತೇ ಹಿಡಿಯಲಿಲ್ಲ. ಬೆನ್ನು ನೆಟ್ಟಗಿತ್ತು. ಗಂಟನ್ನು ತಾನೇ ಎತ್ತಿಕೊಂಡು ಮನೆಯವರೆಗೆ ನಡೆದಳು, ದಾರಿಯುದ್ದಕ್ಕೂ ಮಾತಾಡುತ್ತ.

"ಯಣ್ಣಾ, ಅಕ್ಕೋರು ಏನಂದ್ರ ಗೊತ್ತೈತೇನು? ಒಂದು ಬ್ಯಾಸಗಿ ಪೂರಾ ದಮ್ಮು ಬರದಂಗ ದಾಟಿಸು, ಆಮ್ಯಾಲ ನನ್ನ ಕೂಡ ಹುಡುಗ್ಯಾರಿಗಿ ಕಲಸಾಕ ಬಾ ಅಂದಾರ. ಚಿಗವ್ವನ ಮನ್ಯಾಗ ಇರ್ತೇನಿ."

"ನೀ ಕಲಸ್ತಿ?" ಎಂದು ನಾನು ನಕ್ಕೆ.

"ಯಾಕ, ನಾ ಕಲಸಬಾರದೇನು? ನಿನ್ನಂಗ ಕುಣಿಯಾಗ ಕಪ್ಪಿ ಕುಂತಂಗ ಕುಂತ್ರ ಏನ್ ಬರತೈತಿ? ಗೂನು ಬರತೈತಿ."

ಆ ಬೇಸಗೆಯ ಮೇಲೆ ಅವಳ ಎಲ್ಲವೂ ನಿಂತಿತ್ತು. ಅದು ಅವತ್ತೇ ನನಗೆ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೊದಲು ಅವಳು ಮಾಳಿಗೆಯ ಮೇಲೆ ಹೋಗಿ ಮಾಡಿದಳು. ಅಲ್ಲಿ ಗಾಳಿ ಬೆಳಕಿಗೆ ಕೊರತೆ ಇಲ್ಲ. ಆದರೆ ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬದಿಯ ಮನೆಯ ಮುದುಕಿ ಹಪ್ಪಳ ಒಣಹಾಕಲು ಬಂದವಳು ಅಲ್ಲಿಂದಲೇ ಕೂಗಿದಳು.

"ಏ ಯವ್ವಾ, ನಿನ್ನ ಮಗಳ ಕಾಲ ಮ್ಯಾಲದಾವು, ತಲಿ ತೆಳಗೈತಿ! ಏನರ ಬಡಕೊಂಡೈತೋ ಏನೋ, ಬಂದ ನೋಡ!"

ಅರ್ಧ ಓಣಿ ಮಾಳಿಗೆ ಹತ್ತಿತು. ಅವ್ವ ತಂಗಿಯ ರಟ್ಟೆ ಹಿಡಿದು ಕೆಳಗೆ ಇಳಿಸಿದಳು. "ಮಾಡೂದಿದ್ರ ಒಳಗ ಮಾಡು. ನಾಳಿ ನಿನ್ನ ನೋಡಾಕ ಬರೋರು ಓಣ್ಯಾಗ ಕೇಳ್ತಾರ" ಎಂದಳು.

"ಒಳಗ ಎಲ್ಲಿ ಮಾಡಲಿ? ದೇವರ ಜಗಲಿ ಮ್ಯಾಲ ಮಾಡಲೇನು?" ಎಂದು ತಂಗಿ ಕೇಳಿದಳು.

ಆಗ ನಾನು ಬೆಳಕಿಂಡಿಯ ಕೆಳಗಿನ ನೆಲ ತೋರಿಸಿದೆ.

ಹೊಸ ಕೆಲಸ ಎಂದರೆ ನನಗೆ ಹುರುಪು ಜಾಸ್ತಿ. ಅಲ್ಲಿ ಒಟ್ಟಿದ್ದ ಮುರಿದ ಹಲಗೆ, ಹಳೆಯ ಹಗ್ಗ, ಬುಟ್ಟಿ ಎಲ್ಲ ಹಿತ್ತಲಿಗೆ ಒಯ್ದು ಹಾಕಿದೆ. ಗೋಡೆ ಕೆರೆದು ಸುಣ್ಣ ಬಳಿದೆ. ಗೋಡೆಯ ಮೇಲೆ ದೇವರ ಪಟ ಹಾಕೋಣ ಎಂದರೆ ತಂಗಿ ಬೇಡವೆಂದಳು. "ಬರೇ ಗೋಡಿನ ಛಲೋ ಯಣ್ಣಾ. ಪಟ ಇದ್ರ ಕಣ್ಣು ಅದರ ಕೂಡ ಮಾತಾಡಾಕ ಸುರು ಮಾಡ್ತಾವು." ಊದುಬತ್ತಿಯೂ ಬೇಡ, ಹೊಗೆಗೆ ಎದೆ ಕಟ್ಟುತ್ತದೆ. ನೆಲ ಸಾರಿಸಿ ಅದು ಪೂರ್ತಿ ಒಣಗುವವರೆಗೆ ಅವಳು ಕಾಲಿಡಲಿಲ್ಲ. ಮಗ್ಗಕ್ಕೂ ಅವಳ ಜಾಗಕ್ಕೂ ನಡುವೆ ಅವ್ವನ ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿದೆವು, ಅರಳಿ ಹಾರಿ ಬರಬಾರದೆಂದು. ಕಂಡಿಕೆ ಸುತ್ತುವ ಕೆಲಸದಿಂದ ಅವ್ವ ಅವಳನ್ನು ಬಿಡಿಸಿದಳು.

ಕಂಬಳಿಯನ್ನು ಸಂತೆಗೆ ಬಂದಿದ್ದ ಒಬ್ಬ ಕುರುಬ ಕಾಕಾನ ಹತ್ತಿರ ತಂದೆ. ಯಾತಕ್ಕೆ ಬೇಕು ಎಂದು ಕೇಳಿದ, ಹೇಳಿದೆ. ಅವನು ಕಂಬಳಿಯನ್ನು ಹಣೆಗೆ ಮುಟ್ಟಿಸಿ ಕೊಟ್ಟ.

"ಇದು ನಮ್ಮ ಬೀರಪ್ಪನ ಗದ್ದಿಗಿಗಿ ಹಾಸೂ ವಸ್ತು ತಮ್ಮಾ. ಮ್ಯಾಲಿಂದ ಎಷ್ಟರ ಮಳಿ ಬರ್ಲಿ, ಝಾಡಿಸಿ ಒಗದ್ರ ಆತು. ಆದ್ರ ತೆಳಗಿಂದ ಥಂಡಿ ಹತ್ತಬಾರದು. ಹತ್ತಿದ್ರ ಮುಗ್ಗತೈತಿ, ಆಮ್ಯಾಲ ಅದು ನಾಯಿಗೂ ಬ್ಯಾಡ."

ಈ ಮಾತನ್ನೂ ನಾನು ಕೇಳಿದ್ದೆ.

ಅಕ್ಕೋರು ಹೇಳಿಕೊಟ್ಟ ನೇಮ ಒಂದಿತ್ತು. ಅವಳು ಕುಳಿತ ಹೊತ್ತಿನಲ್ಲಿ ಮನೆ ಸುಮ್ಮನಿರಬೇಕು. ಮುಂಜಾನೆ ಅವ್ವ ಜಗಲಿಯ ಮುಂದೆ ಲಿಂಗಪೂಜೆಗೆ ಕೂರುವ ಹೊತ್ತು, ತಂಗಿ ಕಂಬಳಿಯ ಮೇಲೆ ಕೂರುವ ಹೊತ್ತು ಒಂದೇ ಆಯಿತು. ಒಬ್ಬಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಇನ್ನೊಬ್ಬಳು ಕಣ್ಣು ಮುಚ್ಚಿಕೊಂಡು. ಮಗ್ಗ ಆಗ ಬಡಿಯುವಂತಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ, ಏಳುತ್ತಿದ್ದೆ, ಓಣಿಯ ತುದಿಗೆ ಹೋಗಿ ಬರುತ್ತಿದ್ದೆ. ಬೇರೆ ಮನೆಗಳ ಮಗ್ಗದ ಸಪ್ಪಳ ಕೇಳಿದರೆ ಮೈಯೊಳಗೆ ಇರುವೆ ಬಿಟ್ಟಂತಾಗುತ್ತಿತ್ತು. ಅವರೆಲ್ಲ ನೇಯುತ್ತಿದ್ದಾರೆ, ನಾನು ಮಾತ್ರ ಕೈ ಕಟ್ಟಿ ನಿಂತಿದ್ದೇನೆ.

ಆದರೂ ಆ ಚಳಿಗಾಲ ಛಲೋ ಇತ್ತು. ಒಮ್ಮೆ ಒಳಗೆ ಇಣುಕಿದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ಅವಳ ಮೊಣಕಾಲಿನ ಮೇಲಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಶಿಳ್ಳೆ ಇರಲಿಲ್ಲ. ಜಗಲಿಯ ಕಡೆಯಿಂದ ವಿಭೂತಿಯ ವಾಸನೆ. ಇದು ನಮ್ಮ ಮನೆಯೇನು ಎನಿಸಿತು. ಅವಳು ಎದ್ದು ಬಂದು ರೊಟ್ಟಿ ಬಡಿದಳೆಂದರೆ ಅವತ್ತಿನ ರೊಟ್ಟಿಯ ಸಪ್ಪಳವೇ ಬೇರೆ. ಅವ್ವನೂ ಬದಲಾದಳು, ಬದಿಯ ಮುದುಕಿಗೆ "ನೀನೂ ಬಾ, ನಿನ್ನ ಮೊಣಕಾಲ ಬ್ಯಾನಿಗೂ ಹೇಳಿಕೊಡ್ತಾಳ" ಎಂದು ಮಾಳಿಗೆಯಿಂದಲೇ ಕರೆದಳು.

ಬೇಸಗೆ ಬಂತು.

ನೇಕಾರರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಬೇಸಗೆ ಗಾಳಿಯಲ್ಲಿ ಹಸಿಯೇ ಇರುವುದಿಲ್ಲ. ಒಣ ಗಾಳಿಗೆ ನೂಲು ಬಿರುಸಾಗುತ್ತದೆ, ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಒಂದೊಂದು ಎಳೆಯನ್ನೂ ಹುಡುಕಿ ಗಂಟು ಹಾಕಬೇಕು. ಅದಕ್ಕೆ ನಮ್ಮವರು ಬೆಳಕಿಂಡಿ ಮುಚ್ಚುತ್ತಾರೆ, ಹಾಸಿನ ಕೆಳಗೆ, ಬದಿಗೆ ನೆಲಕ್ಕೆ ನೀರು ಹೊಡೆಯುತ್ತಾರೆ, ಒದ್ದೆ ಗೋಣಿ ಹಾಸುತ್ತಾರೆ. ನೆಲ ಥಂಡಿ ಇದ್ದರೆ ನೂಲು ಮೆತ್ತಗಿರುತ್ತದೆ. ಅಪ್ಪ ಹಾಗೆ ಮಾಡುತ್ತಿದ್ದ, ಅವನಪ್ಪನೂ ಹಾಗೇ ಮಾಡುತ್ತಿದ್ದ. ಮಗ್ಗಕ್ಕೆ ಹಸಿ ಬೇಕು, ತಂಗಿಯ ಎದೆಗೆ ಒಣ ಬೇಕು. ಪಡಸಾಲೆ ಒಂದೇ.

ಲಗ್ನದ ಕಾಲ. ಕೆಂಪು ದಡಿಯ ಸೀರೆಗಳಿಗೆ ಸಾವಕಾರ ದಿನಾ ಮನುಷ್ಯನನ್ನು ಕಳಿಸುತ್ತಿದ್ದ. ಸೆರಗಿನ ರೇಷ್ಮೆ ಎಳೆಯನ್ನು ಮೈಯ ಎಳೆಗೆ ಕೊಂಡಿ ಹಾಕಿ ಜೋಡಿಸುವುದು ನಮ್ಮ ಸೀರೆಯ ಪದ್ಧತಿ, ಅರ್ಧ ದಿನದ ಕೆಲಸ. ಅಂಥದ್ದು ಜೋಡಿಸಿ ಮುಗಿಸಿದ ಕೂಡಲೇ ನನ್ನ ಕಣ್ಣ ಮುಂದೆಯೇ ಎಳೆಗಳು ಹರಿದವು. ಲಾಳಿಯನ್ನು ಗೋಡೆಗೆ ಬಿಸಾಕಿದೆ. ಅವತ್ತು ತಂಗಿ, ಅವ್ವ ಇಬ್ಬರೂ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದರು. ನಾನು ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಕಲ್ಲು ಎಳೆದೆ. ಕೆಳಗೆ ಬಂದು ಕೊಡದ ನೀರನ್ನು ಹಾಸಿನ ಕೆಳಗೆ ಸುರಿದೆ. ಸಾಲಲಿಲ್ಲ. ಪರದೆ ಸರಿಸಿ, ಕಂಬಳಿ ಎತ್ತಿ, ಅವಳ ನೆಲಕ್ಕೂ ಸುರಿದೆ.

ಮಧ್ಯಾಹ್ನ ಒಂದು ಎಳೆಯೂ ಹರಿಯಲಿಲ್ಲ. ಆ ಸುಖ ನನಗೆ ಇನ್ನೂ ನೆನಪಿದೆ, ಅದನ್ನು ಮುಚ್ಚಿಡುವುದಿಲ್ಲ. ಲಾಳಿ ಎಣ್ಣೆ ಹಚ್ಚಿದಂತೆ ಓಡಿತು.

ನೆಲದ ಮೇಲಿನ ನೀರು ಇಂಗಿದ ಮೇಲೆ ಕಂಬಳಿಯನ್ನು ಮೊದಲಿದ್ದ ಹಾಗೆಯೇ ಹಾಸಿದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಬೆಳಕಿಂಡಿಯ ಕಲ್ಲು ಸರಿಸಿದೆ. ಅವರು ಬಂದಾಗ ಮಗ್ಗದ ಕೆಳಗಿನ ನೆಲ ಒದ್ದೆ ಇತ್ತು, ಅದು ಪ್ರತಿ ಬೇಸಗೆಯ ಮಾತು, ಅವ್ವ ಕಣ್ಣೆತ್ತಿಯೂ ನೋಡಲಿಲ್ಲ. ಮರುದಿನವೂ ಹಾಗೇ ಮಾಡಿದೆ. ಅವಳು ನೀರಿಗೆ ಹೋದಾಗ, ಇಲ್ಲವೆ ಗುಡಿಗೆ ಹೋದಾಗ. ಆ ಬೇಸಗೆ ಪೂರ್ತಿ.

ಕೆಲವು ದಿನಕ್ಕೆ ಅವಳು ಕಂಬಳಿಯ ಮೂಲೆ ಮೂಸಿ ನೋಡಿದಳು.

"ಯಣ್ಣಾ, ಇದು ಮುಗ್ಗಲ ವಾಸನಿ ಹೊಡಿತೈತಿ."

"ಕುರಿ ಉಣ್ಣಿ ಕಂಬಳಿ ಅಲ್ಲೇನು, ಇನ್ನೇನು ಅತ್ತರ ವಾಸನಿ ಬರಬೇಕೇನು?" ಎಂದೆ.

ಅವಳು ನಕ್ಕಳು. ನಗುತ್ತಲೇ ಕೆಮ್ಮಿದಳು.

ಶಿಳ್ಳೆ ಮತ್ತೆ ಬಂತು. ಮೊದಲು ಮುಂಜಾನೆ ಮಾತ್ರ, ಆಮೇಲೆ ದಿನವಿಡೀ. ಅವಳು ಹೆಚ್ಚು ಹೊತ್ತು ಕೂರತೊಡಗಿದಳು. ಉಸಿರು ಹಿಡಿಯುವಾಗ ತಪ್ಪುತ್ತಿದೆ ಎಂದುಕೊಂಡು ಮತ್ತೆ ಮೊದಲಿನಿಂದ ಸುರು ಮಾಡುತ್ತಿದ್ದಳು. ಆ ಒದ್ದೆ ನೆಲದ ಮೇಲೆ ಅವಳು ಎಷ್ಟು ನೇಮದಿಂದ ಕುಳಿತಳೋ ಅಷ್ಟು ಎದೆ ಕಟ್ಟಿತು. ಉಪ್ಪು ಬಿಟ್ಟಳು, ಒಪ್ಪತ್ತು ಉಂಡಳು. ಒಂದು ದಿನ ನನ್ನ ಮಗ್ಗದ ಹತ್ತಿರ ಬಂದು ಕುಣಿಯ ಅಂಚಿಗೆ ಕುಳಿತಳು.

"ಯಣ್ಣಾ, ಖರೆ ಹೇಳು. ನಾ ಮಾಡೂದು ನೀ ನೋಡಿದಿ. ನಾ ಎಲ್ಲಿ ತಪ್ಪಾಕತ್ತೇನಿ?"

ಆಗ ಹೇಳಬಹುದಿತ್ತು. ಕಾಲು ತುಳಿಯುತ್ತಲೇ ಇತ್ತು, ಕೈ ಲಾಳಿ ಎಸೆಯುತ್ತಲೇ ಇತ್ತು.

"ನಿನ್ನ ಮನಸ ಅದರಾಗಿಲ್ಲ" ಎಂದೆ. "ಬಾದಾಮಿ, ಅಕ್ಕೋರು, ಹುಡುಗ್ಯಾರು ಅಂತ ಅಲ್ಲೇ ಓಡಾಡತೈತಿ. ಕುಂತಲ್ಲಿ ಕುಂದರೂದು ಬರವಲ್ದು ನಿನಗ."

ಕುಂತಲ್ಲಿ ಕೂರಲು ಬಾರದವನು ಇದನ್ನು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಹೌದು, ಖರೆ ಐತಿ" ಎಂದಳು. ನೀರು ಸುರಿದದ್ದಕ್ಕಿಂತ ಈ ಮಾತು ದೊಡ್ಡ ತಪ್ಪು. ನೀರು ಒಣಗುತ್ತಿತ್ತು.

ಕಾರಹುಣ್ಣಿಮೆಯ ಸುಮಾರಿಗೆ ಚಿಗವ್ವ ಅವಳನ್ನು ಕರೆದೊಯ್ಯಲು ಬಂದಳು. ಬಂದವಳೇ ಅಕ್ಕೋರ ಸುದ್ದಿ ತೆಗೆದಳು. "ಯಾವಾಗ ಬರ್ತಾಳ ಅಂತ ದಿನಾ ಕೇಳ್ತಾರ. ಏಳು, ಗಂಟ ಕಟ್ಟು."

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು.

"ನಾ ಬರಂಗಿಲ್ಲ ಚಿಗವ್ವಾ. ಯಾವ ಮುಖಾ ತಗೊಂಡ ಬರ್ಲಿ? ಅವರು ಹೇಳಿದಂಗ ಮಾಡಾಕ ನನಗ ಆಗಲಿಲ್ಲ."

"ದಮ್ಮು ಬಂದ್ರ ಬರವಲ್ದ್ಯಾಕ, ಅಲ್ಲಿ ಕಡಿಮಿ ಆಗತೈತಿ, ಬಾ."

"ಸ್ವತಾ ಉಸರ ಹಿಡಿಯಾಕ ಬರಲಾರದಾಕಿ ಮಂದಿಗೇನ ಕಲಸ್ಲಿ?"

ಚಿಗವ್ವ ನನ್ನ ಕಡೆ ನೋಡಿದಳು. "ನೀನರ ಹೇಳೋ."

ನಾನು ಚಹಾಕ್ಕೆ ಸಕ್ಕರೆ ತರುತ್ತೇನೆ ಎಂದು ಹೊರಗೆ ಹೋದೆ. ಮನೆಯಲ್ಲಿ ಸಕ್ಕರೆ ಇತ್ತು. ಅಂಗಡಿಯ ಮುಂದೆ ಬಹಳ ಹೊತ್ತು ನಿಂತೆ. ತಿರುಗಿ ಬಂದಾಗ ಚಿಗವ್ವ ಒಬ್ಬಳೇ ಬಸ್ಸಿಗೆ ಹೊರಟಿದ್ದಳು. ಅಕ್ಕೋರು ಮುಂದೆ ಪಟ್ಟದಕಲ್ಲಿನ ಒಬ್ಬ ಹುಡುಗಿಯನ್ನು ಇಟ್ಟುಕೊಂಡರೆಂದು ಆಮೇಲೆ ಕೇಳಿದೆವು. ತಂಗಿ ಕಂಬಳಿಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಮಡಚಿ, ಅಟ್ಟಕ್ಕೆ ಎಸೆದಳು. ಪರದೆ ಬಿಚ್ಚಿದಳು. ಆ ಜಾಗದಲ್ಲಿ ನನ್ನ ಹಳೆಯ ಹಗ್ಗ, ಬುಟ್ಟಿ ಮತ್ತೆ ಬಂದು ಕುಳಿತವು.

ಅವಳನ್ನು ಬಾಗಲಕೋಟೆಗೆ ಲಗ್ನ ಮಾಡಿ ಕೊಟ್ಟೆವು. ಅಳಿಯ ಅರಳೆ ಅಂಗಡಿಯಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ, ಅವಳ ದಮ್ಮಿಗೆ ಬೇಸರ ಪಟ್ಟವನಲ್ಲ. ಮಕ್ಕಳಿಬ್ಬರಾದರು. ನಾನು ಹಬ್ಬಕ್ಕೆ ಹೋಗುತ್ತಿದ್ದೆ, ಸೀರೆ ಕೊಡುತ್ತಿದ್ದೆ, ಸಂಜೆಯ ಬಸ್ಸಿಗೆ ಬರುತ್ತಿದ್ದೆ. ವಸತಿ ಇರುತ್ತಿರಲಿಲ್ಲ. ಅವಳು ಉಸಿರು ಎಳೆಯುವ ಸಪ್ಪಳ ಕೇಳುತ್ತ ಕೂರುವುದು ನನಗೆ ಆಗುತ್ತಿರಲಿಲ್ಲ. "ಅಣ್ಣಗ ಯಾವಾಗಲೂ ಗಡಿಬಿಡಿ" ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಅಳಿಯ ಪರವೂರಿಗೆ ಹೋಗಿದ್ದ, ಅವಳಿಗೆ ಜೋರಾಗಿತ್ತು. ಸುದ್ದಿ ಬಂದು ನಾನು ಹೋದೆ, ದವಾಖಾನೆಗೆ ಕರೆದೊಯ್ದೆ. ಸೂಜಿ ಮಾಡಿದ ಮೇಲೆ ಡಾಕ್ಟರು ಕೇಳಿದರು.

"ಮಲಗೂ ಜಾಗಾ ಥಂಡಿ ಐತೇನವ್ವಾ? ನೆಲಾ ಹಸಿ?"

"ಸ್ವಲ್ಪ ಐತ್ರಿ. ಆದ್ರ ಅದಕ್ಕಲ್ರಿ. ತವರಮನ್ಯಾಗ ನಮ್ಮಣ್ಣ ನನಗಂತ ಒಣಾ ಜಾಗಾ ಮಾಡಿಕೊಟ್ಟಿದ್ದ. ಸುಣ್ಣಾ ಹಚ್ಚಿ, ಕಂಬಳಿ ಹಾಸಿ. ಅಲ್ಲೂ ಹಿಂಗ ಆಗಿತ್ರಿ. ನನ್ನ ಮೈನ ಹಂಗ ಐತ್ರಿ" ಎಂದು ನನ್ನ ಕಡೆ ನೋಡಿ ನಕ್ಕಳು. ಡಾಕ್ಟರೂ ನನ್ನನ್ನು ನೋಡಿ, ಇಂಥ ಅಣ್ಣ ಇರಬೇಕು ಎನ್ನುವಂತೆ ತಲೆದೂಗಿದರು.

ಹೊರಗೆ ಬಂದು ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿದೆ. ನಾನು ನಿಂತೇ ಹೇಳಿದೆ. ಹೇಗೆ ಸುರು ಮಾಡಿದೆನೋ ನೆನಪಿಲ್ಲ. ನೀರು, ಕಲ್ಲು, ಕಂಬಳಿ, ಎಲ್ಲ ಹಿಂದುಮುಂದಾಗಿ ಬಂದವು.

ಅವಳು ದವಾಖಾನೆಯ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿದಳು. ಆಮೇಲೆ ಕೇಳಿದಳು, "ಎಷ್ಟ ದಿನಾ?"

"ಆ ಬ್ಯಾಸಗಿ ಪೂರಾ."

"ನಾ ನಿನ್ನ ಕುಣಿ ಹಂತ್ಯಾಕ ಬಂದ ಕೇಳಿದ ದಿನಾನೂ?"

"ಅವತ್ತೂ."

"ನನ್ನ ಮನಸ ಸರಿ ಇಲ್ಲ ಅಂದಿ ನೀ." ಅವಳ ದನಿ ಏರಲಿಲ್ಲ. "ಅವತ್ತಿನಿಂದ ನಾ ಏನ ಮಾಡಾಕ ಕುಂತ್ರೂ ಅದ ಮಾತು ಯಣ್ಣಾ. ಕೂಸಿಗಿ ಹಾಲು ಕುಡಸಾಕ ಕುಂತ್ರೂ ಅದ ಮಾತು. ನನ್ನ ಕೈಯಾಗ ಯಾವುದೂ ಪೂರಾ ಆಗಂಗಿಲ್ಲ ಅಂತ. ನೂಲ ಹರಿತಾವು ಅಂತ ಒಂದ ಮಾತ ಹೇಳಿದ್ರ, ನಾ ಅಡಗಿಮನ್ಯಾಗ ಕುಂದ್ರತಿದ್ದಿಲ್ಲೇನು?"

ನಾನು ಮಗ್ಗದ ಕಷ್ಟ ಹೇಳಹೋದೆ. ಅವಳು ಕೈ ಎತ್ತಿ ತಡೆದಳು.

ಮನೆಗೆ ಬಂದ ಮೇಲೆ ಅವಳು ಮಲಗಲಿಲ್ಲ. ಹಿಂದಿನ ಸಣ್ಣ ಕೋಣೆಯಲ್ಲಿ ಜೋಳದ ಚೀಲ, ಟ್ರಂಕು, ಮುರಿದ ತೊಟ್ಟಿಲು ತುಂಬಿದ್ದವು. ಮನೆಯಲ್ಲಿ ಕಲ್ಲುಹಾಸಿದ ಒಣ ನೆಲ ಎಂದರೆ ಅದೊಂದೇ. "ಇವನ್ನೆಲ್ಲ ಹೊರಗ ತೆಗಿ" ಎಂದಳು. ತಾನು ಬಾಗಿಲ ಹೊರಗೆ ಮೂಗಿಗೆ ಸೆರಗು ಹಿಡಿದು ನಿಂತಳು. ನಾನು ಚೀಲ ಹೊತ್ತೆ, ಜೇಡರ ಬಲೆ ಬಡಿದೆ, ಕಲ್ಲಿನ ಸಂದುಗಳನ್ನು ಕಡ್ಡಿಯಿಂದ ಕೆರೆದೆ. ಬಡಿದು ಮುಚ್ಚಿದ್ದ ಕಿಟಕಿಯ ಮೊಳೆ ಕಿತ್ತೆ. ಒರೆಸಲು ಒದ್ದೆ ಬಟ್ಟೆ ತಂದರೆ "ನೀರ ಮುಟ್ಟಬ್ಯಾಡ, ಒಣಾ ಅರಿವಿಲೆ ಒರಸು" ಎಂದಳು. ಸಂಜೆಯವರೆಗೆ ಇದೇ. ಅವಳು ಒಮ್ಮೆಯೂ ಸಾಕು ಎನ್ನಲಿಲ್ಲ, ಚಹಾ ಕುಡಿ ಎನ್ನಲಿಲ್ಲ.

ಅಷ್ಟೊತ್ತಿಗೆ ಅಳಿಯ ಊರಿಂದ ಬಂದ. ಎಲ್ಲ ಆದ ಮೇಲೆ ನಾನು ಹೇಳಿದೆ, "ಇವತ್ತ ಇರ್ತೇನಿ. ಮುಂಜಾನಿ ನೀ ಕುಂದ್ರೂದು ನೋಡಿ ಹೋಗ್ತೇನಿ."

"ಬ್ಯಾಡ. ನೀ ಹೋಗು" ಎಂದಳು. "ನೀ ಮನ್ಯಾಗಿದ್ರ ನನಗ ಕುಂದ್ರಾಕ ಆಗಂಗಿಲ್ಲ. ನಿನ್ನ ಕಾಲ ಸಪ್ಪಳದ ಕಡೆ ನನ್ನ ಧ್ಯಾನ ಹೋಗತೈತಿ."

ಬಸ್ಸು ಹುನಗುಂದದಲ್ಲಿ ನಿಂತಾಗ ಇಳಿದು, ತಿರುಗಿ ಬಾಗಲಕೋಟೆಯ ಬಸ್ಸು ಹಿಡಿಯಲೇ ಎಂದು ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ಓಡಾಡಿದೆ. ನನ್ನ ಬಸ್ಸಿನ ಕಂಡಕ್ಟರ್ ಕೂಗಿ ಬೈದ ಮೇಲೆ ಹತ್ತಿದೆ.

ಅವಳು ನನ್ನ ಕೂಡ ಮಾತು ಬಿಡಲಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಉಣ್ಣಲು ಬಡಿಸುತ್ತಾಳೆ, ಈಗ ಒಂದೆರಡು ದಿನ ಇರು ಎನ್ನುತ್ತಾಳೆ. ಆ ಕೋಣೆಯೊಳಗೆ ಮಾತ್ರ ಬಿಟ್ಟುಕೊಳ್ಳುವುದಿಲ್ಲ, ನಾನೂ ಕೇಳುವುದಿಲ್ಲ. ದಮ್ಮು ಪೂರ್ತಿ ಹೋಗಿಲ್ಲ, ಮೊದಲಿನಷ್ಟಿಲ್ಲ ಎಂದು ಅಳಿಯ ಹೇಳುತ್ತಾನೆ. ಮುಂಜಾನೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಅಂಗಳದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತೇನೆ. ಒಳಗಿನಿಂದ ಏನೂ ಕೇಳಿಸುವುದಿಲ್ಲ. ಸರಿಯಾದ ಉಸಿರು ಹೊರಗೆ ಕೇಳಿಸುವುದಿಲ್ಲ ಎಂದು ಗೊತ್ತು. ಆದರೂ ಅವಳು ಬಾಗಿಲು ತೆರೆದು ಹೊರಗೆ ಬರುವವರೆಗೆ ನನಗೆ ಕೂರಲು ಆಗುವುದಿಲ್ಲ.